ಅಮ್ಮನ ಶ್ವಾಸಕೋಶದ ಗಡ್ಡೆಯಲ್ಲಿ ಆಂಟಿಜನ್ ಹುಡುಕಿಸಬಹುದಾ? ತಿಳಿದವರು ಹೇಳಿ

ಕತ್ರಿಗುಪ್ಪೆ ಮಗಳು · ಸೋಮವಾರ ರಾತ್ರಿ 10:42

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಅಮ್ಮನಿಗೆ 61. ಬೀಡಿ ಸಿಗರೇಟಿನ ವಾಸನೆಗೇ ಎದ್ದು ಹೋಗುವವರು. ತಿಪಟೂರಿನ ಹತ್ತಿರ ಹಳ್ಳಿಯಲ್ಲಿ ಇಪ್ಪತ್ತೈದು ವರ್ಷ ಸೌದೆ ಒಲೆ ಮುಂದೆ ಅಡುಗೆ ಮಾಡಿದ್ದಾರೆ. ಕೆಮ್ಮು ಶುರುವಾದಾಗ ಒಂದು ಆಸ್ಪತ್ರೆಯಲ್ಲಿ ಕಫದಲ್ಲಿ ಏನೂ ಸಿಗದಿದ್ದರೂ ಎಕ್ಸ್‌ರೇ ನೋಡಿ ಟಿಬಿ ಮಾತ್ರೆ ಕೊಟ್ಟರು. ಐದು ತಿಂಗಳು ಹಾಗೇ ಹೋಯಿತು. ಆ ಐದು ತಿಂಗಳು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಬೆಂಗಳೂರಿಗೆ ಕರೆತಂದ ಮೇಲೆ ಬಯಾಪ್ಸಿ ಆಯಿತು. ಅಡಿನೊಕಾರ್ಸಿನೋಮ ಅನ್ನುವ ಬಗೆಯ ಕ್ಯಾನ್ಸರ್, ನಾಲ್ಕನೇ ಹಂತ, ಇಜಿಎಫ್‌ಆರ್ ಎಕ್ಸಾನ್ 19 ಡಿಲೀಷನ್, ಅಂದರೆ ಆ ಜೀನಿನ ಒಂದು ತುಂಡು ಬಿದ್ದುಹೋಗಿದೆ. ಆ ಜೀನಿನ ಕೆಲಸ ತಡೆಯುವ ಒಸಿಮರ್ಟಿನಿಬ್ ಮಾತ್ರೆ ಶುರು ಮಾಡಿದರು. 20 ತಿಂಗಳು ಅಮ್ಮ ನಿಜಕ್ಕೂ ಚೆನ್ನಾಗಿದ್ದರು. ಯುಗಾದಿಗೆ ಒಬ್ಬರೇ ನಿಂತು ನಲವತ್ತು ಒಬ್ಬಟ್ಟು ತಟ್ಟಿದರು. ಈಗ ಎದೆಯಲ್ಲಿ ಮತ್ತೆ ನೀರು ತುಂಬಿದೆ. ಗುರುವಾರ ನೀರು ತೆಗೆಯುತ್ತಾರೆ.

ನನ್ನ ಚಿಕ್ಕಪ್ಪನ ಮಗ ದಿನಕ್ಕೊಂದು ಸುದ್ದಿ ಕಳಿಸುತ್ತಾನೆ. "ಕ್ಯಾನ್ಸರ್ ವ್ಯಾಕ್ಸಿನ್ ಬಂತು, ಗಡ್ಡೆಯ ಆಂಟಿಜನ್ ಹುಡುಕಿ ಒಬ್ಬೊಬ್ಬರಿಗೆ ಬೇರೆ ಬೇರೆ ಮಾಡುತ್ತಾರೆ" ಅಂತ. ಈ ಆಂಟಿಜನ್ ಅಂದರೆ ಏನು? ಅಮ್ಮನ ಗಡ್ಡೆಯಲ್ಲಿ ಹುಡುಕಿಸಬಹುದಾ? ಮೈಯ ರೋಗನಿರೋಧಕ ಶಕ್ತಿಯನ್ನೇ ಗಡ್ಡೆಯ ಮೇಲೆ ಎಬ್ಬಿಸುವ ಇಮ್ಯುನೊಥೆರಪಿ ಬೇಡ ಅಂತ ನಮ್ಮ ಡಾಕ್ಟರ್ ಹೇಳಿದ್ದಾರೆ. ಓಪಿಡಿಯಲ್ಲಿ ಅಷ್ಟು ಜನ ಕಾಯುತ್ತಿದ್ದರು, ಯಾಕೆ ಅಂತ ಕೇಳಲು ಬಾಯಿ ಬರಲಿಲ್ಲ.

ಲ್ಯಾಬ್ ಬೆಂಚು · ಸೋಮವಾರ ರಾತ್ರಿ 11:30

ಅಕ್ಕ, ನಾನು ಇಲ್ಲೇ ಒಂದು ಸಂಶೋಧನಾ ಲ್ಯಾಬಿನಲ್ಲಿದ್ದೇನೆ. ಗಡ್ಡೆಯ ಆಂಟಿಜನ್ ಹುಡುಕುವುದೇ ನನ್ನ ದಿನದ ಕೆಲಸ. ಡಾಕ್ಟರ್ ಅಲ್ಲ, ಹಾಗಾಗಿ ಚಿಕಿತ್ಸೆ ಬಗ್ಗೆ ನಾನು ಮಾತಾಡುವುದಿಲ್ಲ. ಆಂಟಿಜನ್ ಬಗ್ಗೆ ಮಾತ್ರ ಹೇಳುತ್ತೇನೆ.

ನಮ್ಮ ಮೈಯ ಹೆಚ್ಚುಕಮ್ಮಿ ಎಲ್ಲ ಕೋಶಗಳೂ ಒಳಗಿನ ಪ್ರೋಟೀನುಗಳನ್ನು ಚಿಕ್ಕದಾಗಿ ಕತ್ತರಿಸಿ, ಆ ತುಂಡುಗಳನ್ನು ಹೊರಮೈ ಮೇಲೆ ತಂದು ತೋರಿಸುತ್ತಾ ಇರುತ್ತವೆ. ತುಂಡು ಅಂದರೆ 8ರಿಂದ 11 ಅಮೈನೊ ಆಮ್ಲ, ಅಷ್ಟೇ. ಅದನ್ನು ಹಿಡಿದು ತೋರಿಸುವ ಪ್ರೋಟೀನಿಗೆ ಎಚ್‌ಎಲ್‌ಎ ಅಂತ ಹೆಸರು. ಅಕ್ಕಸಾಲಿಗರು ಉಂಗುರದ ಮನೆಯಲ್ಲಿ ಹರಳು ಕೂರಿಸುವುದನ್ನು ನೋಡಿದ್ದೀರಲ್ವಾ? ಎಚ್‌ಎಲ್‌ಎ ಉಂಗುರ ಇದ್ದ ಹಾಗೆ, ಪ್ರೋಟೀನಿನ ತುಂಡು ಹರಳು ಇದ್ದ ಹಾಗೆ. ರಕ್ತದಲ್ಲಿ ಓಡಾಡುವ ಟಿ ಕೋಶ ಒಂದೊಂದು ಉಂಗುರವನ್ನೂ ಮುಟ್ಟಿ ನೋಡುತ್ತದೆ. ಹರಳು ನಮ್ಮದೇ ಆದರೆ ಸುಮ್ಮನೆ ಮುಂದೆ ಹೋಗುತ್ತದೆ. ಬೇರೆ ಥರ ಕಂಡರೆ ಆ ಕೋಶವನ್ನು ಕೊಲ್ಲುತ್ತದೆ. ಟಿ ಕೋಶ ಹೀಗೆ ಗುರುತು ಹಿಡಿಯುವ ತುಂಡೇ ಆಂಟಿಜನ್.

ಕ್ಯಾನ್ಸರ್ ಕೋಶದಲ್ಲಿ ಜೀನ್ ಕೆಟ್ಟಿರುತ್ತದೆ. ಕೆಟ್ಟ ಜೀನಿನಿಂದ ಬಂದ ತುಂಡು ಬೇರೆ ಥರ ಇರುತ್ತದೆ. ಅದು ನಿಯೊಆಂಟಿಜನ್. ಆ ಗಡ್ಡೆಯಲ್ಲಿ ಬಿಟ್ಟು ಮೈಯಲ್ಲಿ ಬೇರೆಲ್ಲೂ ಇಲ್ಲ, ಅದಕ್ಕೇ ಅದರ ಮೇಲೆ ಎಲ್ಲರ ಕಣ್ಣು. ಇನ್ನೊಂದು ಬಗೆಯೂ ಇದೆ. ಮೇಜ್-ಎ3, ಎನ್‌ವೈ-ಇಎಸ್‌ಒ-1 ಥರದ ಪ್ರೋಟೀನುಗಳು ದೊಡ್ಡವರಲ್ಲಿ ವೃಷಣ ಬಿಟ್ಟು ಬೇರೆಡೆ ಸಾಮಾನ್ಯವಾಗಿ ಇರುವುದಿಲ್ಲ. ಕೆಲವು ಶ್ವಾಸಕೋಶದ ಗಡ್ಡೆಗಳು ಅವನ್ನು ಮತ್ತೆ ಎಬ್ಬಿಸಿ ಕೂರಿಸಿಕೊಳ್ಳುತ್ತವೆ. ಇವು ಹಲವರ ಗಡ್ಡೆಯಲ್ಲಿ ಒಂದೇ ಆಗಿರುವುದರಿಂದ ಒಂದು ಔಷಧ ಹಲವರಿಗೆ ಆಗಬಹುದು ಅನ್ನುವ ಆಸೆ.

ನಿಮ್ಮ ಅಮ್ಮನ ಎಕ್ಸಾನ್ 19 ಡಿಲೀಷನ್ನನ್ನೇ ತೆಗೆದುಕೊಳ್ಳಿ. ಇಜಿಎಫ್‌ಆರ್ ಪ್ರೋಟೀನಿನ ನಡುವಿಂದ ಒಂದಷ್ಟು ಅಮೈನೊ ಆಮ್ಲ ಬಿದ್ದುಹೋಗಿ, ಎರಡು ತುದಿ ಸೇರಿಕೊಂಡಿವೆ. ಆ ಜೋಡಣೆ ಹೊಸದು. ಸಾಮಾನ್ಯವಾಗಿ ಗಡ್ಡೆಯ ಎಲ್ಲ ಕೋಶದಲ್ಲೂ ಇರುತ್ತದೆ. ಗುರಿಯಾಗಿ ಇದಕ್ಕಿಂತ ಒಳ್ಳೆಯದು ಬೇಕಾ ಅನಿಸುತ್ತದೆ. ಆದರೆ ಆ ಜೋಡಣೆ ಇರುವ ತುಂಡು ಅಮ್ಮನ ಉಂಗುರದಲ್ಲಿ ಕೂರಬೇಕು. ಕೂರದಿದ್ದರೆ ಟಿ ಕೋಶಕ್ಕೆ ಅದು ಇದೆ ಅಂತಲೇ ಗೊತ್ತಾಗುವುದಿಲ್ಲ. ನಮ್ಮ ಕೆಲಸದ ಕಷ್ಟವೆಲ್ಲ ಇಲ್ಲೇ ಇದೆ. ಉಳಿದದ್ದು ನಾಳೆ ಬರೆಯುತ್ತೇನೆ.

ಗಾಂಧಿಬಜಾರ್ ಮೇಷ್ಟ್ರು · ಮಂಗಳವಾರ ಬೆಳಿಗ್ಗೆ 6:15

ಮಗಳೇ, ಧೈರ್ಯವಾಗಿರಮ್ಮ. ನನಗೂ ಶ್ವಾಸಕೋಶದ ಕ್ಯಾನ್ಸರ್. ಸ್ಕ್ವಾಮಸ್ ಅಂತಾರೆ. ಮೂವತ್ತೈದು ವರ್ಷ ಸಿಗರೇಟು ಸೇದಿದೆ. ನನಗೆ ಪೆಂಬ್ರೊಲಿಜುಮ್ಯಾಬ್ ಅನ್ನುವ ಇಮ್ಯುನೊಥೆರಪಿ ಔಷಧ ಕೊಟ್ಟರು, ಎರಡು ವರ್ಷದಿಂದ ಗಡ್ಡೆ ಅಲ್ಲೇ ನಿಂತಿದೆ. ದಿನಾ ಬ್ಯೂಗಲ್ ರಾಕ್ ಪಾರ್ಕಿನಲ್ಲಿ ಎರಡು ಸುತ್ತು ನಡೆಯುತ್ತೇನೆ.

ನನ್ನನ್ನು ಕಾಡುವ ಪ್ರಶ್ನೆ ಒಂದಿದೆ. ತಪ್ಪು ಮಾಡಿದ ನನಗೆ ಔಷಧ ಹತ್ತಿತು. ಒಲೆ ಮುಂದೆ ಕೂತ ನಿಮ್ಮ ತಾಯಿಗೆ ಯಾಕೆ ಆಗುವುದಿಲ್ಲ ಅನ್ನುತ್ತಾರೆ? ಲ್ಯಾಬಿನವರೇ, ಇದಕ್ಕೂ ಆಂಟಿಜನ್‌ಗೂ ಸಂಬಂಧ ಇದೆಯೇ?

ಲ್ಯಾಬ್ ಬೆಂಚು · ಮಂಗಳವಾರ ಬೆಳಿಗ್ಗೆ 8:50

ನೇರ ಸಂಬಂಧ ಇದೆ, ಮೇಷ್ಟ್ರೇ.

ತಂಬಾಕಿನ ಹೊಗೆ ಡಿಎನ್‌ಎಯಲ್ಲಿ ನೂರಾರು ಕಡೆ ಗಾಯ ಮಾಡುತ್ತದೆ. ಗಾಯ ಜಾಸ್ತಿ ಅಂದರೆ ಬೇರೆ ಥರದ ಹರಳೂ ಜಾಸ್ತಿ. ಟಿ ಕೋಶಕ್ಕೆ ಗುರುತು ಹಿಡಿಯಲು ಅವಕಾಶವೂ ಜಾಸ್ತಿ. ಆದರೆ ಗಡ್ಡೆ ತನ್ನ ಮೇಲೆ ಪಿಡಿ-ಎಲ್1 ಇಟ್ಟುಕೊಂಡು, ಟಿ ಕೋಶದ ಪಿಡಿ-1 ಅನ್ನುವ ಬ್ರೇಕ್ ಒತ್ತಿ ಹಿಡಿದಿರುತ್ತದೆ. ಪಿಡಿ-1 ಅನ್ನು 1992ರಲ್ಲಿ ಕಂಡುಹಿಡಿದದ್ದು ಜಪಾನಿನ ತಸುಕು ಹೊಂಜೊ ಅವರ ಲ್ಯಾಬು. ಇಂಥದ್ದೇ ಇನ್ನೊಂದು ಬ್ರೇಕಿನ ಮೇಲೆ ಕೆಲಸ ಮಾಡಿದವರು ಅಮೆರಿಕದ ಜೇಮ್ಸ್ ಆಲಿಸನ್. ಇಬ್ಬರಿಗೂ 2018ರ ನೊಬೆಲ್ ಬಂತು. ನಿಮಗೆ ಕೊಟ್ಟ ಔಷಧ ಆ ಬ್ರೇಕ್ ಬಿಡಿಸುತ್ತದೆ. ಅಷ್ಟೇ ಅದರ ಕೆಲಸ. ಗುರಿ ಯಾವುದು ಅಂತ ಅದಕ್ಕೆ ಗೊತ್ತಿಲ್ಲ. ಗುರಿ ಗೊತ್ತಿರುವ ಟಿ ಕೋಶ ನಿಮ್ಮ ಮೈಯಲ್ಲಿ ಮೊದಲೇ ಇತ್ತು.

2015ರಲ್ಲಿ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್‌ನವರು ಇದನ್ನೇ ತೋರಿಸಿದರು. ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಮ್ಯುಟೇಶನ್, ಅಂದರೆ ಜೀನಿನ ಬದಲಾವಣೆ, ಹೆಚ್ಚಿದ್ದವರಿಗೆ ಪಿಡಿ-1 ಔಷಧ ಹೆಚ್ಚು ಫಲ ಕೊಟ್ಟಿತ್ತು.

ಸೇದದವರ ಇಜಿಎಫ್‌ಆರ್ ಗಡ್ಡೆಯಲ್ಲಿ ಮ್ಯುಟೇಶನ್ ಕಡಿಮೆ. ಒಂದೇ ಒಂದು ಜೀನಿನ ಬಲದ ಮೇಲೆ ಓಡುವ ಗಡ್ಡೆ ಅದು. ಬ್ರೇಕ್ ಬಿಡಿಸಿದರೂ ಓಡಲು ಗುರಿ ಗೊತ್ತಿರುವ ಟಿ ಕೋಶ ಇರುವುದು ಕಡಿಮೆ. ಮತ್ತೆ, "ತಪ್ಪು ಮಾಡಿದ" ಅಂತ ಬರೆಯಬೇಡಿ ಮೇಷ್ಟ್ರೇ. ಔಷಧ ಅದನ್ನೆಲ್ಲ ನೋಡುವುದಿಲ್ಲ. ನಾವೂ ನೋಡಬಾರದು.

ಎದೆ ವಾರ್ಡ್ ಡಾಕ್ಟರ್ · ಮಂಗಳವಾರ ಮಧ್ಯಾಹ್ನ 2:20

ನಿಮ್ಮ ಡಾಕ್ಟರ್ ಹೇಳಿದ್ದು ಸರಿಯಾಗಿದೆ ಅಮ್ಮ. ಕಾರಣ ಕೇಳಲು ಹೆದರಬೇಡಿ. ಕೇಳಿದರೆ ನಮಗೂ ಸಂತೋಷವೇ.

2019ರಲ್ಲಿ ಹಲವು ದೇಶದವರು ಸೇರಿ 551 ರೋಗಿಗಳ ದಾಖಲೆ ನೋಡಿದ್ದರು. ಪಿಡಿ-1 ಥರದ ಔಷಧ ಒಂಟಿಯಾಗಿ ಕೊಟ್ಟಾಗ ಕೆರಾಸ್ ಅನ್ನುವ ಜೀನಿನಲ್ಲಿ ಮ್ಯುಟೇಶನ್ ಇದ್ದವರಲ್ಲಿ ಶೇ. 26 ಜನಕ್ಕೆ ಗಡ್ಡೆ ಕುಗ್ಗಿತ್ತು, ಇಜಿಎಫ್‌ಆರ್ ಇದ್ದವರಲ್ಲಿ ಶೇ. 12. ಎಎಲ್‌ಕೆ ಜೀನ್ ಬದಲಾದವರಲ್ಲಿ ಒಬ್ಬರಿಗೂ ಇಲ್ಲ.

ಇನ್ನೊಂದು ಎಚ್ಚರಿಕೆ. ಇಮ್ಯುನೊಥೆರಪಿ ಕೊಟ್ಟ ಕೆಲವೇ ದಿನದಲ್ಲಿ ಒಸಿಮರ್ಟಿನಿಬ್ ಕೊಟ್ಟರೆ ಶ್ವಾಸಕೋಶವೇ ಊದಿಕೊಳ್ಳುವ ಅಪಾಯ ಹೆಚ್ಚು. ಯಾರೋ ಹೇಳಿದರು, ದುಡ್ಡಿದೆ, ಒಂದು ಡೋಸ್ ಹಾಕಿಸಿ ನೋಡೋಣ ಅಂತ ಬೇರೆ ಕಡೆ ಹೋಗಿ ಹಾಕಿಸಿಕೊಂಡು ಬರಬೇಡಿ. ಅಂಥ ರೋಗಿಗಳನ್ನು ನೋಡಿದ್ದೇನೆ. ಸಂಕಟವಾಗುತ್ತದೆ.

ಗುರುವಾರ ತೆಗೆಯುವ ನೀರಿನಲ್ಲಿ ಮೊದಲು ನೋಡಬೇಕಾದ್ದು ಬೇರೆ. ಮಾತ್ರೆ ಯಾಕೆ ನಾಟುತ್ತಿಲ್ಲ ಅನ್ನುವುದು. ಇಜಿಎಫ್‌ಆರ್‌ನಲ್ಲೇ ಸಿ797ಎಸ್ ಅನ್ನುವ ಹೊಸ ಬದಲಾವಣೆ ಬಂದಿರಬಹುದು. ಮೆಟ್ ಅನ್ನುವ ಜೀನಿನ ಪ್ರತಿಗಳು ಹೆಚ್ಚಿರಬಹುದು. ಕೆಲವರಲ್ಲಿ ಗಡ್ಡೆ ಸ್ಮಾಲ್ ಸೆಲ್ ಅನ್ನುವ ಬೇರೆ ಜಾತಿಯ ಶ್ವಾಸಕೋಶದ ಕ್ಯಾನ್ಸರ್ ಆಗಿ ತಿರುಗುತ್ತದೆ. ಒಂದೊಂದಕ್ಕೂ ದಾರಿ ಬೇರೆ. ಈ ಪರೀಕ್ಷೆಗಳು ಇವತ್ತಿನ ಚಿಕಿತ್ಸೆಗೆ. ಆಂಟಿಜನ್ ಹುಡುಕಾಟ ಆಮೇಲೆ.

ಇ-ಸಿಟಿ ಕೋಡ್ · ಮಂಗಳವಾರ ಸಂಜೆ 7:05

ನಾನು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಬಯೊಇನ್ಫರ್ಮ್ಯಾಟಿಕ್ಸ್ ಕೆಲಸ ಮಾಡುತ್ತೇನೆ. ಕಂಪ್ಯೂಟರಿನ ಕಡೆಯ ಕಥೆ ನಾನು ಹೇಳುತ್ತೇನೆ.

ಗಡ್ಡೆಯ ಡಿಎನ್‌ಎ, ರಕ್ತದ ಡಿಎನ್‌ಎ ಎರಡನ್ನೂ ಸೀಕ್ವೆನ್ಸ್ ಮಾಡುತ್ತೇವೆ. ವ್ಯತ್ಯಾಸ ತೆಗೆದರೆ ಗಡ್ಡೆಯ ಮ್ಯುಟೇಶನ್ ಪಟ್ಟಿ ಸಿಗುತ್ತದೆ. ಆರ್‌ಎನ್‌ಎ ನೋಡಿ ಆ ಜೀನ್ ನಿಜವಾಗಿ ಕೆಲಸ ಮಾಡುತ್ತಿದೆಯಾ ಅಂತ ತಿಳಿಯುತ್ತೇವೆ. ಆಮೇಲೆ ನೆಟ್‌ಎಂಎಚ್‌ಸಿಪ್ಯಾನ್ ಥರದ ಸಾಫ್ಟ್‌ವೇರ್‌ಗೆ ಹಾಕಿ, ಈ ತುಂಡು ಈ ರೋಗಿಯ ಎಚ್‌ಎಲ್‌ಎಯಲ್ಲಿ ಕೂರುತ್ತದಾ ಅಂತ ಲೆಕ್ಕ ಹಾಕಿಸುತ್ತೇವೆ. ಸ್ಕ್ರೀನ್ ಮೇಲೆ ಉದ್ದ ಪಟ್ಟಿ ಬರುತ್ತದೆ. ಹೊಸಬರಿಗೆ ಅದನ್ನು ನೋಡಿ ಕೆಲಸ ಮುಗಿಯಿತು ಅನಿಸುತ್ತದೆ. ನನಗೂ ಹಾಗೇ ಅನಿಸಿತ್ತು.

ಟೆಸ್ಲಾ ಅಂತ ಒಂದು ಒಕ್ಕೂಟ ಇದೆ, ಕಾರಿನದಲ್ಲ. ಹಲವು ತಂಡಗಳಿಗೆ ಒಂದೇ ಗಡ್ಡೆಗಳ ಡೇಟಾ ಕೊಟ್ಟು, ಯಾವ ತುಂಡು ಟಿ ಕೋಶದ ಕಣ್ಣಿಗೆ ಬೀಳುತ್ತದೆ ಹೇಳಿ ಅಂದರು. ಮೆಲನೋಮ ಅನ್ನುವ ಚರ್ಮದ ಕ್ಯಾನ್ಸರೂ ಇತ್ತು, ಶ್ವಾಸಕೋಶದ ಗಡ್ಡೆಯೂ ಇತ್ತು. ತಂಡಗಳು ಆರಿಸಿದ್ದರಲ್ಲಿ 608 ತುಂಡುಗಳನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿದರು. ನಿಜಕ್ಕೂ ಟಿ ಕೋಶ ಗುರುತಿಸಿದ್ದು 37. 2020ರಲ್ಲಿ ಇದು ಪ್ರಕಟವಾಯಿತು.

ನೂರಕ್ಕೆ ಆರು. ನಾನು ಪ್ರತಿ ಪಟ್ಟಿ ಕಳಿಸುವಾಗಲೂ ಆ ಸಂಖ್ಯೆ ನೆನಪಿಸಿಕೊಳ್ಳುತ್ತೇನೆ. ಪಟ್ಟಿಯಲ್ಲಿ ಇದೆ ಅಂದರೆ ಮೈಯಲ್ಲಿ ಇದೆ ಅಂತಲ್ಲ.

ಕತ್ರಿಗುಪ್ಪೆ ಮಗಳು · ಮಂಗಳವಾರ ರಾತ್ರಿ 9:38

ಎಲ್ಲರಿಗೂ ಕೈ ಮುಗಿಯುತ್ತೇನೆ. ಮೊದಲ ಸಲ ಅರ್ಥವಾಗುತ್ತಿದೆ.

ಡಾಕ್ಟ್ರೇ, ನೀವು ಬರೆದ ಮೂರು ಪರೀಕ್ಷೆಗಳ ಹೆಸರು ಬರೆದಿಟ್ಟುಕೊಂಡೆ.

ಲ್ಯಾಬಿನವರಿಗೆ ಒಂದು ಪ್ರಶ್ನೆ. ಎರಡು ವರ್ಷದ ಹಿಂದೆ ಆಫೀಸಿನಲ್ಲಿ ಬೋನ್ ಮ್ಯಾರೋ ದಾನಿಗಳ ಶಿಬಿರ ಇತ್ತು. ಡಿಕೆಎಂಎಸ್‌ನವರು ಬಂದಿದ್ದರು. ಕೆನ್ನೆಯ ಒಳಗೆ ಹತ್ತಿ ಕಡ್ಡಿ ಉಜ್ಜಿ ತೆಗೆದುಕೊಂಡು ಹೋದರು. ಅದೂ ಎಚ್‌ಎಲ್‌ಎ ಪರೀಕ್ಷೆಯೇ ಅಲ್ವಾ? ಅಮ್ಮನಿಗೂ ಅದೇ ಇರುತ್ತದಾ?

ಲ್ಯಾಬ್ ಬೆಂಚು · ಮಂಗಳವಾರ ರಾತ್ರಿ 11:55

ಹೌದು ಅಕ್ಕ, ಅದೇ. ನಿಮ್ಮದರಲ್ಲಿ ಅರ್ಧ ಅಮ್ಮನಿಂದ ಬಂದದ್ದು, ಅರ್ಧ ಅಪ್ಪನಿಂದ. ಹಾಗಾಗಿ ನಿಮ್ಮ ರಿಪೋರ್ಟಿನಿಂದ ಅಮ್ಮನ ಅರ್ಧ ಮಾತ್ರ ಗೊತ್ತಾಗುತ್ತದೆ. ಪೂರ್ತಿ ಬೇಕಾದರೆ ಅವರ ರಕ್ತವೇ ಬೇಕು. ಎ, ಬಿ, ಸಿ ಅಂತ ಮೂರು ಜೀನ್, ಒಂದೊಂದಕ್ಕೂ ಎರಡು ಪ್ರತಿ. ಒಬ್ಬರ ಮೈಯಲ್ಲಿ ಹೆಚ್ಚೆಂದರೆ ಆರು ಬಗೆಯ ಉಂಗುರ. ಜಗತ್ತಿನಲ್ಲಿ ಸಾವಿರಾರು ಬಗೆ ಇದೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ವರ್ಷಗಳಿಂದ ಮನಸ್ಸಿನಲ್ಲಿ ಇದೆ.

ಯೂರೋಪಿನ ಮೂಲದವರಲ್ಲಿ ಎಚ್‌ಎಲ್‌ಎ-ಎ 02:01 ಅನ್ನುವ ಬಗೆ ತುಂಬಾ ಸಾಮಾನ್ಯ. ಹಾಗಾಗಿ ಜಗತ್ತಿನ ಆಂಟಿಜನ್ ಕೆಲಸದ ದೊಡ್ಡ ಪಾಲು ಅದೊಂದರ ಸುತ್ತ ನಡೆದಿದೆ. 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟೆಬೆಂಟಾಫಸ್ಪ್, ಕಣ್ಣಿನ ಮೆಲನೋಮಕ್ಕೆ. ಎ 02:01 ಇದ್ದವರಿಗೆ ಮಾತ್ರ. 2024ರಲ್ಲಿ ಒಪ್ಪಿಗೆ ಪಡೆದ ಅಫಾಮಿಸೆಲ್, ಮೇಜ್-ಎ4 ಆಂಟಿಜನ್ ಹುಡುಕುವ ಟಿ ಕೋಶ ಚಿಕಿತ್ಸೆ, ಸೈನೋವಿಯಲ್ ಸಾರ್ಕೋಮ ಅನ್ನುವ ಅಪರೂಪದ ಕ್ಯಾನ್ಸರಿಗೆ. ಅದೂ ಎ 02ರ ಕೆಲವೇ ಬಗೆಯವರಿಗೆ. ನಮ್ಮ ಕಡೆ ಎ 02:11, ಎ 11:01, ಎ 24, ಎ 33:03 ಇವೆಲ್ಲ ಚೆನ್ನಾಗಿಯೇ ಕಾಣಸಿಗುತ್ತವೆ. 02:11 ಅಂದರೆ 02:01ರ ತಂಗಿ ಇದ್ದ ಹಾಗೆ. ಆದರೆ ಹರಳು ಕೂರುವ ಮನೆ ಒಂಚೂರು ಬೇರೆ. ಆ ಒಂಚೂರಿನಲ್ಲೇ ಹರಳು ಬದಲಾಗಿಬಿಡುತ್ತದೆ.

ಸಾಫ್ಟ್‌ವೇರ್ ಕಲಿಯುವುದು ಕೊಟ್ಟ ಡೇಟಾದಿಂದ. ನಮ್ಮ ಜನರ ಗಡ್ಡೆಯಿಂದ ತೆಗೆದ ಡೇಟಾ ಕಡಿಮೆ ಇದ್ದರೆ ನಮ್ಮ ಉಂಗುರಕ್ಕೆ ಅದರ ಊಹೆಯೂ ದುರ್ಬಲ. ಇಲ್ಲಿ, ನಮ್ಮ ರೋಗಿಗಳ ಗಡ್ಡೆಯಲ್ಲಿ, ಯಾವ ತುಂಡು ನಿಜವಾಗಿ ಹೊರಗೆ ಬಂದು ಕೂತಿದೆ ಅಂತ ಕಣ್ಣಾರೆ ನೋಡದೆ ಬೇರೆ ದಾರಿ ಇಲ್ಲ. ಬೇರೆ ಊರಿನ ಪಟ್ಟಿ ತಂದು ನಮಗೆ ಹಚ್ಚಿದರೆ ಆಗುವುದಿಲ್ಲ.

ನೋಡುವುದು ಹೇಗೆ ಅಂದರೆ, ಗಡ್ಡೆಯ ತುಂಡನ್ನು ಕರಗಿಸಿ, ಡಬ್ಲ್ಯು6/32 ಅನ್ನುವ ಆಂಟಿಬಾಡಿಯಿಂದ ಉಂಗುರಗಳನ್ನೆಲ್ಲ ಹಿಡಿಯುತ್ತೇವೆ. ಆಮ್ಲ ಹಾಕಿದರೆ ಹರಳು ಬಿಟ್ಟುಕೊಳ್ಳುತ್ತದೆ. ಅದನ್ನು ಮಾಸ್ ಸ್ಪೆಕ್ಟ್ರೋಮೀಟರಿಗೆ ಕೊಟ್ಟು ಒಂದೊಂದರ ತೂಕ ನೋಡಿ ಯಾವ ಪ್ರೋಟೀನಿನ ತುಂಡು ಅಂತ ಓದುತ್ತೇವೆ. ಇದಕ್ಕೆ ಫ್ರೀಜ್ ಮಾಡಿದ ತಾಜಾ ಗಡ್ಡೆ ಬೇಕು, ಕಡಲೆಕಾಳಿನಷ್ಟಾದರೂ ಇದ್ದರೆ ಚೆನ್ನ. ಸೂಜಿ ಬಯಾಪ್ಸಿಯಲ್ಲಿ ಬರುವುದು ಶಾವಿಗೆ ಎಳೆಯಷ್ಟು.

ಕೊನೆಗೆ ಎಲಿಸ್ಪಾಟ್. 96 ಗುಣಿಗಳಿರುವ ಪ್ಲೇಟು. ರೋಗಿಯ ಟಿ ಕೋಶ, ಒಂದೊಂದು ಗುಣಿಗೆ ಒಂದೊಂದು ತುಂಡು. ಟಿ ಕೋಶ ಗುರುತು ಹಿಡಿದರೆ ಗಾಮಾ ಇಂಟರ್‌ಫೆರಾನ್ ಬಿಡುತ್ತದೆ. ಅದು ಬಿದ್ದ ಕಡೆ ನೇರಳೆ ಚುಕ್ಕೆ ಏಳುತ್ತದೆ. ಒಂದು ಚುಕ್ಕೆ ಅಂದರೆ ಒಂದು ಕೋಶ. ಹೋದ ವರ್ಷ ಒಂದು ಪ್ಲೇಟಿನಲ್ಲಿ ಸಾಲು ಸಾಲು ಬಿಳಿ ಗುಣಿ ನೋಡುತ್ತಾ ಬಂದೆ. ಏಳನೇ ಸಾಲಿನಲ್ಲಿ ಒಂದು ಗುಣಿ ತುಂಬ ಚುಕ್ಕೆ, ನೇರಳೆ ಹಣ್ಣು ತಿಂದ ನಾಲಿಗೆಯ ಹಾಗೆ. ಅದು ಒಬ್ಬ ರೈತನ ರಕ್ತ. ಅವರ ಮೈ ಗಡ್ಡೆಯನ್ನು ಕಂಡಿತ್ತು. ಅವತ್ತು ಕ್ಯಾಂಟೀನಿಗೆ ಹೋಗಿ ಟೀ ಎದುರಿಗಿಟ್ಟುಕೊಂಡು ಸುಮ್ಮನೆ ಕೂತಿದ್ದೆ. ಟೀ ಆರಿಹೋಯಿತು.

ಹೆಸರಘಟ್ಟ ರೋಡ್ · ಬುಧವಾರ ಬೆಳಿಗ್ಗೆ 7:30

ಸರ್, ರೋಗಿಯ ಟಿ ಕೋಶವನ್ನೇ ಲ್ಯಾಬಿನಲ್ಲಿ ಬದಲಿಸಿ ಮತ್ತೆ ಮೈಗೆ ಹಾಕುವ ಕಾರ್-ಟಿ ಚಿಕಿತ್ಸೆ ಈಗ ಭಾರತದಲ್ಲೇ ಸಿಗುತ್ತದಲ್ಲ? ಮುಂಬೈನ ನೆಕ್ಸ್‌ಕಾರ್19 2023ರಲ್ಲಿ ಒಪ್ಪಿಗೆ ಪಡೆಯಿತು. ನಮ್ಮ ಬೆಂಗಳೂರಿನ ಇಮ್ಯುನೀಲ್ ಕೂಡ ತಂದಿದೆ ಅಂತ ಓದಿದೆ. ಅದನ್ನೇ ಶ್ವಾಸಕೋಶಕ್ಕೆ ಬಳಸಿದರೆ ಈ ಉಂಗುರ ಹರಳಿನ ತೊಂದರೆಯೇ ಇರುವುದಿಲ್ಲ, ಅಲ್ವಾ?

ಎದೆ ವಾರ್ಡ್ ಡಾಕ್ಟರ್ · ಬುಧವಾರ ಮಧ್ಯಾಹ್ನ 1:45

ಕಾರ್-ಟಿಗೆ ಎಚ್‌ಎಲ್‌ಎ ಬೇಕಿಲ್ಲ, ನಿಜ. ಅದು ಕೋಶದ ಹೊರಗಿರುವ ಇಡೀ ಪ್ರೋಟೀನನ್ನೇ ಹಿಡಿಯುತ್ತದೆ. ನೀವು ಹೇಳಿದ ಎರಡೂ ರಕ್ತದ ಕ್ಯಾನ್ಸರ್‌ಗಳಿಗೆ. ಗುರಿ ಸಿಡಿ19. ಅದು ಕ್ಯಾನ್ಸರ್ ಆದ ಬಿ ಕೋಶದ (ಆಂಟಿಬಾಡಿ ಮಾಡುವ ರಕ್ತಕಣ) ಮೇಲೂ ಇದೆ, ಒಳ್ಳೆಯ ಬಿ ಕೋಶದ ಮೇಲೂ ಇದೆ. ಎರಡೂ ಸಾಯುತ್ತವೆ. ಬಿ ಕೋಶ ಇಲ್ಲದೆ ಮನುಷ್ಯ ಬದುಕಬಹುದು, ಬೇಕಾದರೆ ಆಂಟಿಬಾಡಿಯನ್ನೇ, ಅಂದರೆ ಇಮ್ಯುನೋಗ್ಲಾಬ್ಯುಲಿನ್, ಹೊರಗಿಂದ ಕೊಡಬಹುದು. ಶ್ವಾಸಕೋಶದ ಒಳಪದರ ಇಲ್ಲದೆ ಬದುಕಲು ಆಗುತ್ತದಾ? ಗಡ್ಡೆಯ ಮೇಲೆ ಇರಬೇಕು, ಉಳಿದ ಕಡೆ ಇರಬಾರದು. ಅಂಥದ್ದು ಸಿಗುವುದೇ ಅಪರೂಪ.

ಸಿಕ್ಕ ಒಂದು ಒಳ್ಳೆಯ ಉದಾಹರಣೆ ಡಿಎಲ್‌ಎಲ್3. ಸ್ಮಾಲ್ ಸೆಲ್ ಕ್ಯಾನ್ಸರ್‌ನಲ್ಲಿ ಬಹುಪಾಲು ಗಡ್ಡೆಗಳ ಹೊರಮೈ ಮೇಲೆ ಇರುತ್ತದೆ. ಒಳ್ಳೆಯ ಕೋಶದಲ್ಲಿ ಇದ್ದರೂ ಒಳಗೇ ಅಡಗಿರುತ್ತದೆ. ಟಾರ್ಲಟಮ್ಯಾಬ್ ಅನ್ನುವ ಔಷಧ ಒಂದು ಕೈಯಲ್ಲಿ ಡಿಎಲ್‌ಎಲ್3, ಇನ್ನೊಂದು ಕೈಯಲ್ಲಿ ಟಿ ಕೋಶ ಹಿಡಿದು ಎರಡನ್ನೂ ಹತ್ತಿರ ತರುತ್ತದೆ. 2024ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇಪ್ಪತ್ತು ವರ್ಷದಿಂದ ಸ್ಮಾಲ್ ಸೆಲ್ ನೋಡುತ್ತಿರುವ ನನಗೆ ಇದು ದೊಡ್ಡ ಸಮಾಧಾನ. ಮಗಳೇ, ನಾನು ನಿನ್ನೆ ಗಡ್ಡೆ ಜಾತಿ ಬದಲಿಸಿದೆಯಾ ನೋಡಿ ಅಂದದ್ದು ಇಂಥ ಕಾರಣಕ್ಕೂ ಹೌದು.

ಲ್ಯಾಬ್ ಬೆಂಚು · ಬುಧವಾರ ಮಧ್ಯಾಹ್ನ 3:10

ಡಾಕ್ಟರ್ ಹೇಳಿದ "ಉಳಿದ ಕಡೆ ಇರಬಾರದು" ಅನ್ನುವುದಕ್ಕೆ ಒಂದು ಕಹಿ ಉದಾಹರಣೆ ಇದೆ. ಲ್ಯಾಬಿಗೆ ಹೊಸದಾಗಿ ಬಂದವರಿಗೆಲ್ಲ ಮೊದಲು ಇದನ್ನೇ ಹೇಳುತ್ತೇನೆ.

ಮೇಜ್-ಎ3 ಹುಡುಕುವ ಟಿ ಕೋಶವನ್ನು ಇನ್ನಷ್ಟು ಚುರುಕು ಮಾಡಿ ಅಮೆರಿಕದಲ್ಲಿ ಇಬ್ಬರಿಗೆ ಕೊಟ್ಟರು. ಇಬ್ಬರೂ ಕೆಲವೇ ದಿನದಲ್ಲಿ ಹೃದಯ ಕೈಕೊಟ್ಟು ತೀರಿಕೊಂಡರು. ಹೃದಯದಲ್ಲಿ ಮೇಜ್-ಎ3 ಇರಲೇ ಇಲ್ಲ. ಹೃದಯದ ಸ್ನಾಯುವಿನಲ್ಲಿ ಟೈಟಿನ್ ಅನ್ನುವ ದೊಡ್ಡ ಪ್ರೋಟೀನ್ ಇದೆ. ಅದರ ಒಂದು ತುಂಡು ಅದೇ ಉಂಗುರದಲ್ಲಿ ಕೂತು, ನೋಡಲು ಮೇಜ್-ಎ3 ತುಂಡಿನ ಹಾಗೇ ಕಾಣುತ್ತಿತ್ತು. 2013ರಲ್ಲಿ ಇದನ್ನು ಬಿಡಿಸಿ ಬರೆದರು. ಆಂಟಿಜನ್ ಸಿಕ್ಕಿತು ಅಂತ ಕುಣಿಯುವ ಮೊದಲು ಅದರ ಹಾಗೇ ಕಾಣುವುದು ಮೈಯಲ್ಲಿ ಇನ್ನೆಲ್ಲಿದೆ ಅಂತ ತಿಂಗಳುಗಟ್ಟಲೆ ಹುಡುಕುತ್ತೇವೆ. ಇದರಲ್ಲಿ ಅವಸರ ಮಾಡಿ ಅಂತ ನಮ್ಮನ್ನು ಯಾರೂ ಕೇಳಬಾರದು.

ಗಾಂಧಿಬಜಾರ್ ಮೇಷ್ಟ್ರು · ಬುಧವಾರ ಸಂಜೆ 5:40

ಓದಿ ಮನಸ್ಸು ಭಾರವಾಯಿತು. ಹಾಗಾದರೆ ವ್ಯಾಕ್ಸಿನ್ ಸುದ್ದಿಯೆಲ್ಲ?

ಲ್ಯಾಬ್ ಬೆಂಚು · ಬುಧವಾರ ರಾತ್ರಿ 8:25

ಸುದ್ದಿ ಸುಳ್ಳಲ್ಲ ಮೇಷ್ಟ್ರೇ. ಹಿಂದೆ ಒಂದು ದೊಡ್ಡ ಸೋಲು ಇದೆ, ಅದನ್ನೂ ಸೇರಿಸಿ ಓದಬೇಕು.

ಇದೇ ಮೇಜ್-ಎ3 ಇಟ್ಟುಕೊಂಡು ಶ್ವಾಸಕೋಶದ ಆಪರೇಷನ್ ಆದವರಿಗೆ ವ್ಯಾಕ್ಸಿನ್ ಕೊಟ್ಟು ನೋಡಿದ್ದರು. ಮ್ಯಾಗ್ರಿಟ್ ಅಂತ ಆ ಟ್ರಯಲ್ ಹೆಸರು, 2,272 ಜನ. ಶ್ವಾಸಕೋಶದ ಕ್ಯಾನ್ಸರ್‌ಗೆ ಅಷ್ಟು ದೊಡ್ಡ ವ್ಯಾಕ್ಸಿನ್ ಪ್ರಯತ್ನ ನಡೆದದ್ದು ಕಡಿಮೆ. ಕ್ಯಾನ್ಸರ್ ಮರಳುವುದು ಒಂಚೂರೂ ಕಡಿಮೆಯಾಗಲಿಲ್ಲ. ಒಂದೇ ಆಂಟಿಜನ್, ಅದೂ ಬ್ರೇಕ್ ಬಿಡಿಸುವ ಔಷಧ ಜೊತೆಗಿಲ್ಲ. ಸೋತದ್ದಕ್ಕೆ ಇವೆರಡೂ ಕಾರಣ ಅಂತ ನನ್ನ ಅಭಿಪ್ರಾಯ.

ಈಗಿನವರು ಬೇರೆ ದಾರಿ ಹಿಡಿದಿದ್ದಾರೆ. ಮಾಡರ್ನಾ ಮತ್ತು ಮರ್ಕ್ ಕಂಪನಿಗಳು ಸೇರಿ ಮಾಡಿದ್ದು ಒಬ್ಬೊಬ್ಬರ ಗಡ್ಡೆಗೆ ತಕ್ಕ ಎಂಆರ್‌ಎನ್‌ಎ ವ್ಯಾಕ್ಸಿನ್. ಒಂದರಲ್ಲೇ 34 ನಿಯೊಆಂಟಿಜನ್‌ವರೆಗೆ ತುಂಬಿಸುತ್ತಾರೆ, ಪೆಂಬ್ರೊಲಿಜುಮ್ಯಾಬ್ ಜೊತೆಗೆ ಕೊಡುತ್ತಾರೆ. ಮೆಲನೋಮದ ಎರಡನೇ ಹಂತದ ಟ್ರಯಲ್‌ನಲ್ಲಿ ರೋಗ ಮರಳುವ ಅಥವಾ ಸಾಯುವ ಅಪಾಯ ಶೇ. 44 ತಗ್ಗಿತು. 2023ರ ಕೊನೆಗೆ ಶ್ವಾಸಕೋಶದ ಮೂರನೇ ಹಂತದ ಟ್ರಯಲ್ ಶುರು ಮಾಡಿದರು. ಬಯೋಎನ್‌ಟೆಕ್‌ನದು ಬಿಎನ್‌ಟಿ116. ಹಲವು ಗಡ್ಡೆಗಳಲ್ಲಿ ಸಿಗುವ ಆರು ಆಂಟಿಜನ್ ಒಟ್ಟಿಗೆ. 2024ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ಒಬ್ಬರಿಗೆ ಕೊಟ್ಟದ್ದು ನಿಮ್ಮ ಚಿಕ್ಕಪ್ಪನ ಮಗ ಕಳಿಸಿದ ಸುದ್ದಿ ಇರಬೇಕು ಅಕ್ಕ. ಮಾಡರ್ನಾದ ಶ್ವಾಸಕೋಶದ ಟ್ರಯಲ್ ಆಪರೇಷನ್ ಮಾಡಿ ಗಡ್ಡೆ ತೆಗೆದವರಿಗೆ. ಅಮ್ಮನ ಹಂತಕ್ಕೆ ಅದು ಸೇರುವುದಿಲ್ಲ. ಇದನ್ನು ಬರೆಯಲು ನನಗೂ ಕಷ್ಟವಾಯಿತು.

ಗಡ್ಡೆಯೂ ಸುಮ್ಮನಿರುವುದಿಲ್ಲ. ಇಂಗ್ಲೆಂಡಿನ ಟ್ರೇಸರ್‌ಎಕ್ಸ್ ಅಧ್ಯಯನದವರು 2017ರಲ್ಲಿ ಹೇಳಿದ್ದು, ಸ್ಮಾಲ್ ಸೆಲ್ ಅಲ್ಲದ ಶ್ವಾಸಕೋಶದ ಗಡ್ಡೆಗಳಲ್ಲಿ ಶೇ. 40ರಷ್ಟು ಎಚ್‌ಎಲ್‌ಎ ಜೀನಿನ ಒಂದು ಪ್ರತಿಯನ್ನೇ ಕಳೆದುಕೊಂಡಿರುತ್ತವೆ. ಉಂಗುರವನ್ನೇ ಬಿಸಾಕುವುದು. ನಾವು ಕಷ್ಟಪಟ್ಟು ಹುಡುಕಿದ ಹರಳು ಆ ಉಂಗುರದ್ದೇ ಆಗಿದ್ದರೆ ಎಲ್ಲ ವ್ಯರ್ಥ. ಅದಕ್ಕೇ ರಕ್ತದ ಎಚ್‌ಎಲ್‌ಎ ಒಂದೇ ಸಾಲದು, ಗಡ್ಡೆಯದನ್ನೂ ನೋಡಬೇಕು.

ಹೊಸ ಆಸೆಯೂ ಇದೆ. ನಮ್ಮ ಡಿಎನ್‌ಎಯಲ್ಲಿ ಲಕ್ಷಾಂತರ ವರ್ಷದ ಹಿಂದೆ ಸೇರಿಕೊಂಡ ವೈರಸ್ಸುಗಳ ಪಳೆಯುಳಿಕೆ ಇದೆ. ಸಾಮಾನ್ಯವಾಗಿ ಮಲಗಿರುತ್ತದೆ. ಶ್ವಾಸಕೋಶದ ಅಡಿನೊಕಾರ್ಸಿನೋಮದಲ್ಲಿ ಅದು ಎದ್ದು, ರೋಗಿಯ ಬಿ ಕೋಶಗಳು ಅದರ ಮೇಲೆ ಆಂಟಿಬಾಡಿ ಮಾಡಿದ್ದನ್ನು 2023ರಲ್ಲಿ ಲಂಡನ್ನಿನ ಕ್ರಿಕ್ ಸಂಸ್ಥೆಯವರು ತೋರಿಸಿದರು. ಇದಕ್ಕೆ ಮ್ಯುಟೇಶನ್ ಜಾಸ್ತಿ ಇರಬೇಕಾಗಿಲ್ಲ. ಸೇದದವರ ಗಡ್ಡೆಯಲ್ಲಿ ಹುಡುಕಲು ನನಗೆ ಇದೇ ಹೆಚ್ಚು ಇಷ್ಟ.

ಯಲಹಂಕ ಬಸ್‌ಪಾಸ್ · ಬುಧವಾರ ರಾತ್ರಿ 10:15

ನಡುವೆ ಬಂದದ್ದಕ್ಕೆ ಕ್ಷಮಿಸಿ. ಅಪ್ಪನ ವಿಷಯ ಹೇಳಬೇಕು ಅನಿಸಿತು.

ಬಯಾಪ್ಸಿ ತುಂಡನ್ನು ಮೇಣದಲ್ಲಿ ಹೂತು ಇಡುತ್ತಾರಲ್ಲ, ಆ ಬ್ಲಾಕನ್ನು ನಾನೇ ಒಂದು ಲ್ಯಾಬಿನಿಂದ ಇನ್ನೊಂದಕ್ಕೆ ಬಸ್ಸಿನಲ್ಲಿ ತೆಗೆದುಕೊಂಡು ಹೋದೆ. ಕ್ಯಾರಂ ಪಾನಿಗಿಂತ ಚಿಕ್ಕ ಬಿಳಿ ಮೇಣ, ತಿಳಿ ಹಳದಿ ಪ್ಲಾಸ್ಟಿಕ್ ಚೌಕಟ್ಟು, ಪೆನ್ಸಿಲ್‌ನಲ್ಲಿ ಬರೆದ ನಂಬರು. ಬಿಸಿಲಿಗೆ ಮೇಣ ಕರಗಿಬಿಟ್ಟರೆ ಅಂತ ನೀರಿನ ಬಾಟಲಿಗೆ ಒತ್ತಿ ಹಿಡಿದುಕೊಂಡಿದ್ದೆ. ಒಂದು ಕಡೆ ಇಜಿಎಫ್‌ಆರ್ ಮಾಡಿದರು, ಇನ್ನೊಂದು ಕಡೆ ಎಎಲ್‌ಕೆ, ಮತ್ತೊಂದು ಕಡೆ ಪಿಡಿ-ಎಲ್1. ಪ್ರತಿ ಸಲ ಸ್ವಲ್ಪ ಸ್ವಲ್ಪ ಕೆರೆದು ತೆಗೆಯುತ್ತಾರೆ. ನಾಲ್ಕನೇ ಕಡೆ ಹೋದಾಗ "ಇದರಲ್ಲಿ ಗಡ್ಡೆ ಉಳಿದಿಲ್ಲ, ಬರೀ ಮೇಣ" ಅಂದರು. ಮತ್ತೆ ಸೂಜಿ ಹಾಕುವ ಸ್ಥಿತಿಯಲ್ಲಿ ಅಪ್ಪ ಇರಲಿಲ್ಲ.

ಎಲ್ಲ ಪರೀಕ್ಷೆ ಒಟ್ಟಿಗೆ ಮಾಡುವ ಪ್ಯಾನೆಲ್ ಒಂದೇ ಸಲ ಮಾಡಿಸಿದ್ದರೆ ಆಗುತ್ತಿತ್ತು ಅಂತ ಆಮೇಲೆ ಗೊತ್ತಾಯಿತು. ಅಕ್ಕ, ನಾಳೆ ನೀರು ತೆಗೆಯುವ ಮೊದಲೇ ಕೇಳಿ. ಎಷ್ಟು ಬರುತ್ತದೆ, ಯಾವುದಕ್ಕೆ ಎಷ್ಟು ಹೋಗುತ್ತದೆ, ಉಳಿದದ್ದು ಏನಾಗುತ್ತದೆ. ದಯವಿಟ್ಟು ಕೇಳಿ.

ಎದೆ ವಾರ್ಡ್ ಡಾಕ್ಟರ್ · ಬುಧವಾರ ರಾತ್ರಿ 10:50

ಯಲಹಂಕದವರು ಹೇಳಿದ್ದು ನೂರಕ್ಕೆ ನೂರು ಸತ್ಯ. ಎದೆಯ ನೀರು ಅರ್ಧ ಲೀಟರೋ ಒಂದು ಲೀಟರೋ ಬರುತ್ತದೆ. ಪರೀಕ್ಷೆಗೆ ಹೋಗುವುದು ಸ್ವಲ್ಪ. ಉಳಿದದ್ದನ್ನು ಚೆಲ್ಲುತ್ತೇವೆ. ಅದರಲ್ಲಿ ಗಡ್ಡೆಯ ಕೋಶವೂ ಇರುತ್ತದೆ, ಗಡ್ಡೆಯನ್ನು ಮುಟ್ಟಿ ಬಂದ ಟಿ ಕೋಶವೂ ಇರುತ್ತದೆ. ಸೂಜಿ ಬಯಾಪ್ಸಿಯಲ್ಲಿ ಸಿಗದಷ್ಟು.

ಕತ್ರಿಗುಪ್ಪೆ ಮಗಳು · ಗುರುವಾರ ರಾತ್ರಿ 9:20

ಇವತ್ತು ಆಯಿತು. 800 ಮಿ.ಲೀ. ಬಂತು. ಅಮ್ಮ ಈಗ ಮಲಗಿದ್ದಾರೆ, ಉಸಿರು ಹಗುರಾಗಿದೆ.

ಬೆಳಿಗ್ಗೆ ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಡಾಕ್ಟರ್ ಚೀಟಿ ಕೈಗೆ ತೆಗೆದುಕೊಂಡು ಓದಿ, "ಕೂತ್ಕೊಳ್ಳಿ" ಅಂದರು. ಹತ್ತು ನಿಮಿಷ ಮಾತಾಡಿದರು. ನೀರಿನಲ್ಲಿರುವ ಕೋಶಗಳನ್ನು ಮೇಣದಲ್ಲಿ ಹೂತು ಸೆಲ್ ಬ್ಲಾಕ್ ಮಾಡಿ ಸ್ಮಾಲ್ ಸೆಲ್ ಆಗಿದೆಯಾ ನೋಡುತ್ತಾರೆ. ಪೂರ್ತಿ ಜೀನ್ ಪ್ಯಾನೆಲ್ ಒಂದೇ ಸಲಕ್ಕೆ. ಉಳಿದ ನೀರನ್ನು ಸಂಶೋಧನೆಗೆ ಕೊಡಬಹುದಾ ಅಂತ ಕೇಳಿದೆ. ಅವರ ಆಸ್ಪತ್ರೆಯಲ್ಲೇ ಎಥಿಕ್ಸ್ ಕಮಿಟಿ ಒಪ್ಪಿದ ಒಂದು ಅಧ್ಯಯನ ನಡೆಯುತ್ತಿದೆಯಂತೆ. ಒಪ್ಪಿಗೆ ಪತ್ರ ಕನ್ನಡದಲ್ಲೇ ಇತ್ತು. ಅಮ್ಮನೇ ಪೂರ್ತಿ ಓದಿದರು. "ಇದರಿಂದ ನನಗೇನೂ ಉಪಯೋಗ ಆಗಲ್ಲ ಅಲ್ವಾ?" ಅಂತ ಕೇಳಿದರು. ನೇರವಾಗಿ ನಿಮಗೆ ಉಪಯೋಗ ಆಗದೆ ಇರಬಹುದು ಅಂತ ಅವರೂ ನೇರವಾಗೇ ಹೇಳಿದರು. ಅಮ್ಮ ಸಹಿ ಹಾಕಿದರು. ನನ್ನ ಕೈಗೆ ಪೆನ್ನು ಕೊಟ್ಟು, "ಸಾಕ್ಷಿ ನೀನು ಹಾಕು" ಅಂದರು.

ಲ್ಯಾಬಿನವರಿಗೆ ಒಂದೇ ಪ್ರಶ್ನೆ ಉಳಿದಿದೆ. ಸಂಜೆ ನಾಲ್ಕಕ್ಕೆ ತೆಗೆದದ್ದು. ರಾತ್ರಿ ಎಲ್ಲ ಹಾಗೇ ಇದ್ದರೆ ಕೆಟ್ಟುಹೋಗುವುದಿಲ್ಲವಾ?

ಲ್ಯಾಬ್ ಬೆಂಚು · ಗುರುವಾರ ರಾತ್ರಿ 9:34

ಕೆಡಲು ಬಿಡುವುದಿಲ್ಲ ಅಕ್ಕ. ಇಂಥ ಅಧ್ಯಯನದಲ್ಲಿ ಯಾರಾದರೂ ಒಬ್ಬರು ಮಂಜುಗಡ್ಡೆ ಪೆಟ್ಟಿಗೆ ಹಿಡಿದು ವಾರ್ಡಿನ ಹೊರಗೇ ಕಾಯುತ್ತಿರುತ್ತಾರೆ. ತೆಗೆದ ಕೂಡಲೇ ಲ್ಯಾಬಿಗೆ ಒಯ್ದು, ಗರಗರ ತಿರುಗಿಸಿ ಕೋಶ ಬೇರೆ ಮಾಡಿ, ಚಿಕ್ಕ ಚಿಕ್ಕ ಟ್ಯೂಬಿಗೆ ಹಂಚುತ್ತಾರೆ. ಆಮೇಲೆ ದ್ರವ ಸಾರಜನಕಕ್ಕೆ ಹೋಗುತ್ತದೆ, ಮೈನಸ್ 196 ಡಿಗ್ರಿ. ಅಲ್ಲಿ ವರ್ಷಗಟ್ಟಲೆ ಇರಬಹುದು. ಟ್ಯೂಬಿನ ಮೇಲೆ ಅಮ್ಮನ ಹೆಸರು ಇರುವುದಿಲ್ಲ, ನಂಬರು ಮಾತ್ರ.

ಎಚ್‌ಎಲ್‌ಎ ಫಲಿತಾಂಶವನ್ನು ರೋಗಿಗೆ ತಿಳಿಸುತ್ತಾರಾ ಅಂತ ನಾಳೆ ಅವರನ್ನೇ ಕೇಳಿ. ಒಪ್ಪಿಗೆ ಪತ್ರದ ನಿಮ್ಮ ಪ್ರತಿಯಲ್ಲಿ ಅದಕ್ಕೆ ಒಂದು ಸಾಲು ಇರುತ್ತದೆ. ತಿಳಿಸುವುದಾದರೆ ಬರೆದಿಟ್ಟುಕೊಳ್ಳಿ. ಮುಂದೆ ಯಾವುದಾದರೂ ಟ್ರಯಲ್ ಇಲ್ಲಿಗೆ ಬಂದರೆ ಅವರು ಮೊದಲು ಕೇಳುವುದು ಆ ನಂಬರುಗಳನ್ನೇ.

ಗಾಂಧಿಬಜಾರ್ ಮೇಷ್ಟ್ರು · ಶುಕ್ರವಾರ ಬೆಳಿಗ್ಗೆ 6:10

ತಾಯಿ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರೇನಮ್ಮ?

ನಾನು ಸೋಮವಾರ ಇಂಜೆಕ್ಷನ್‌ಗೆ ಹೋಗುತ್ತೇನೆ. ನನ್ನ ಹಳೇ ಬ್ಲಾಕಿನಲ್ಲಿ ಏನಾದರೂ ಉಳಿದಿದೆಯಾ, ನನ್ನ ರಕ್ತವೂ ಅವರಿಗೆ ಬೇಕಾಗುತ್ತದಾ ಅಂತ ಕೇಳಿಕೊಂಡು ಬರುತ್ತೇನೆ.